ಸಿಪಾಯಿಯಿಂದ ಅಧಿಕಾರಿಯವರೆಗೆ: ಒಂದು ಬಾಗಿಲಿನ ಇತಿಹಾಸ

ನೀವು ವಿಜಯಪುರ, ಬೆಳಗಾವಿ, ಧಾರವಾಡ ಅಥವಾ ಕಲಬುರಗಿ ಕಡೆಯವರಾಗಿದ್ದರೆ ನಿಮ್ಮ ಶಾಲೆಯ ಹಾಜರಿ ಪುಸ್ತಕವನ್ನು ಒಮ್ಮೆ ನೆನಪಿಸಿಕೊಳ್ಳಿ. ಜಮಾದಾರ, ಹವಾಲ್ದಾರ, ಸುಬೇದಾರ, ಕಿಲ್ಲೇದಾರ ಎಂಬ ಅಡ್ಡಹೆಸರುಗಳು ಅದರಲ್ಲಿ ಒಂದೆರಡಾದರೂ ಇದ್ದೇ ಇರುತ್ತವೆ. ಇವೆಲ್ಲ ಒಂದು ಕಾಲದಲ್ಲಿ ಸೈನ್ಯದ ಹುದ್ದೆಗಳು. ಕತ್ತಿ ಹಿಡಿದವರ ಮೊಮ್ಮಕ್ಕಳು ಇಂದು ಅಂಗಡಿ ಇಟ್ಟಿದ್ದಾರೆ, ಪಾಠ ಹೇಳುತ್ತಿದ್ದಾರೆ, ಲಾರಿ ಓಡಿಸುತ್ತಿದ್ದಾರೆ. ಹುದ್ದೆ ಹೋಯಿತು, ಹೆಸರು ಉಳಿಯಿತು.

ಕಳೆದ ರಂಜಾನ್ ಸಮಯದಲ್ಲಿ ರಜೆಯ ಮೇಲೆ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಎಸ್‌ಎಸ್‌ಎಲ್‌ಸಿ ಮುಗಿಸಿ, ಮನೆಯ ಪರಿಸ್ಥಿತಿಯಿಂದಾಗಿ ಓದು ನಿಲ್ಲಿಸಿ, ಹದಿನೆಂಟಕ್ಕೇ ಸೈನ್ಯಕ್ಕೆ ಭರ್ತಿಯಾದ ಹುಡುಗ. ಈಗ ಇಪ್ಪತ್ನಾಲ್ಕು ವರ್ಷ. ಚಹಾ ಕುಡಿಯುತ್ತಾ ಸಂಕೋಚದಿಂದ ಕೇಳಿದ: "ಸರ್, ಸಿಪಾಯಿಯಾಗಿ ಸೇರಿದವನು ನಿಜವಾಗಿಯೂ ಆಫೀಸರ್ ಆಗಬಹುದಾ? ಅಬ್ಬಾ ಹೇಳ್ತಾರೆ, ನೌಕರಿ ಸಿಕ್ಕಿತಲ್ಲ, ಇನ್ನು ಯಾಕೆ ಓದು ಅಂತ."

ಆಗಬಹುದು ಎಂದು ಆ ಕ್ಷಣದಲ್ಲೇ ಹೇಳಿದೆ. ಆದರೆ ಈ ಉತ್ತರದ ಹಿಂದೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ ಎಂಬುದನ್ನು ಅವನಿಗೆ ಅಂದು ವಿವರಿಸಲು ಸಮಯವಿರಲಿಲ್ಲ. ಆ ಇತಿಹಾಸವನ್ನು ನಿಮ್ಮ ಮುಂದೆ ಇಡುವುದೇ ಈ ಲೇಖನದ ಉದ್ದೇಶ. ಸಾಮಾನ್ಯ ಸೈನಿಕನಿಗೆ ಮಿಲಿಟರಿ ಅಕಾಡೆಮಿಯ ಬಾಗಿಲು ಹೇಗೆ ಮುಚ್ಚಿತ್ತು, ಯಾವಾಗ ತೆರೆಯಿತು, ಇಂದು ಅದರೊಳಗೆ ಹೋಗುವ ದಾರಿ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ಕುಗ್ಗಿಹೋದ ಸುಬೇದಾರ

ಮೊದಲು "ಸುಬೇದಾರ" ಎಂಬ ಪದವನ್ನೇ ತೆಗೆದುಕೊಳ್ಳಿ. ಮೊಗಲರ ಆಡಳಿತದಲ್ಲಿ ಸುಬಾ ಎಂದರೆ ಒಂದು ಪ್ರಾಂತ್ಯ, ಸುಬೇದಾರ ಎಂದರೆ ಅದರ ಅಧಿಪತಿ. ನಮ್ಮ ತುಮಕೂರು ಜಿಲ್ಲೆಯ ಶಿರಾ 1687ರ ನಂತರ ಇಂಥದೊಂದು ಸುಬಾದ ಕೇಂದ್ರವಾಗಿತ್ತು. ಆ ಸುಬೇದಾರರ ಅಧಿಕಾರವನ್ನು ಇಂದಿನ ರಾಜ್ಯಪಾಲರ ಅಧಿಕಾರಕ್ಕಿಂತ ದೊಡ್ಡದೆಂದೇ ಹೇಳಬೇಕು. ಅದೇ ಪದವನ್ನು ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನ್ಯಕ್ಕೆ ತೆಗೆದುಕೊಂಡಾಗ ಅದರ ಅರ್ಥ ಕುಗ್ಗಿಹೋಯಿತು. ನೂರು ಚಿಲ್ಲರೆ ಸಿಪಾಯಿಗಳ ಒಂದು ಕಂಪನಿಯಲ್ಲಿ ದುಡಿಯುವ ದೇಶೀಯ ಅಧಿಕಾರಿಗೆ ಸುಬೇದಾರ ಎಂಬ ಹೆಸರು ಬಂತು. ಅವನ ಕೆಳಗೆ ಜಮಾದಾರ. ಮೇಲೆ ಇದ್ದದ್ದು ಸುಬೇದಾರ್ ಮೇಜರ್ ಎಂಬ ಒಂದೇ ಮೆಟ್ಟಿಲು, ಅದೂ ಒಂದು ಪಲ್ಟಣಕ್ಕೆ ಒಬ್ಬನಿಗೆ ಮಾತ್ರ. ಅಲ್ಲಿಗೆ ಏಣಿ ಮುಗಿಯಿತು.

ಅದಕ್ಕೂ ಮೊದಲು ಹಾಗಿರಲಿಲ್ಲ. ಕರ್ನಾಟಕದವರಾದ ನಮಗೆ ಹೈದರಾಲಿಗಿಂತ ಬೇರೆ ಉದಾಹರಣೆ ಬೇಕಿಲ್ಲ. ಓದುಬರಹ ಬಾರದ ಒಬ್ಬ ಸೈನಿಕ, 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ತೋರಿದ ಶೌರ್ಯದಿಂದ ಮೇಲಿನವರ ಕಣ್ಣಿಗೆ ಬಿದ್ದ. ಬಳಿಕ ದಿಂಡಿಗಲ್ಲಿನ ಫೌಜುದಾರನಾದ. 1761ರ ಹೊತ್ತಿಗೆ ಮೈಸೂರಿನ ಆಡಳಿತವೇ ಅವನ ಕೈಯಲ್ಲಿತ್ತು. ಆ ಕಾಲದಲ್ಲಿ ಸೇನಾಪತಿಯಾಗಲು ಅಕಾಡೆಮಿಯ ಪ್ರಮಾಣಪತ್ರ ಬೇಕಿರಲಿಲ್ಲ. ಎಲ್ಲರಿಗೂ ಅವಕಾಶ ಸಿಗುತ್ತಿತ್ತು ಎಂದು ಇದರ ಅರ್ಥವಲ್ಲ. ಆದರೆ ಸಿಪಾಯಿಯ ತಲೆಯ ಮೇಲೆ ಕಾನೂನಿನ ಛಾವಣಿ ಇರಲಿಲ್ಲ.

ಕಂಪನಿ ಆ ಛಾವಣಿಯನ್ನು ಕಟ್ಟಿತು. ಕಾರ್ನ್‌ವಾಲಿಸನ ಕಾಲದಿಂದ ಉನ್ನತ ಹುದ್ದೆಗಳೆಲ್ಲ ಯುರೋಪಿಯನ್ನರಿಗೆ ಮೀಸಲಾದವು. 1809ರಲ್ಲಿ ಇಂಗ್ಲೆಂಡಿನ ಅಡಿಸ್ಕೊಂಬ್ ಎಂಬಲ್ಲಿ ಕಂಪನಿ ತನ್ನದೇ ಸೈನಿಕ ಶಾಲೆ ತೆರೆದಾಗ ಅಲ್ಲಿ ತರಬೇತಾದವರು ಇಂಗ್ಲಿಷ್ ಕುಟುಂಬಗಳ ಹುಡುಗರು. ಹದಿಹರೆಯ ದಾಟದ ಅಂಥ ಹುಡುಗ ಭಾರತಕ್ಕೆ ಬಂದಿಳಿದರೆ, ಮೂವತ್ತು ವರ್ಷ ಸೇವೆ ಮಾಡಿ ಗಡ್ಡ ಬಿಳಿಯಾದ ಸುಬೇದಾರ ಎದ್ದು ನಿಂತು ಅವನಿಗೆ ಸಲಾಮು ಹೊಡೆಯಬೇಕು. ಬಂಗಾಳ ಸೈನ್ಯದಲ್ಲಿ ಬಡ್ತಿಯೂ ಸೇವಾ ಹಿರಿತನದ ಮೇಲೆಯೇ ನಡೆಯುತ್ತಿದ್ದುದರಿಂದ ಆ ಸುಬೇದಾರ ಪದವಿಯೂ ಮುದಿತನದಲ್ಲೇ ಕೈಗೆ ಸಿಗುತ್ತಿತ್ತು. 1857ರ ಸಿಪಾಯಿಗಳ ಅಸಮಾಧಾನದ ಕಾರಣಗಳನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಕೊಬ್ಬು ಸವರಿದ ತೋಟಾಗಳ ಕಥೆ ಎಲ್ಲರಿಗೂ ಗೊತ್ತು. ಈ ಮುಚ್ಚಿದ ಏಣಿಯ ಕಥೆಯನ್ನೂ ಅದರ ಪಕ್ಕದಲ್ಲಿ ಬರೆದುಕೊಳ್ಳಿ.

ಪದಕ ಬಂತು, ಪದವಿ ಬರಲಿಲ್ಲ

1858ರಲ್ಲಿ ಕಂಪನಿಯ ಆಡಳಿತ ಹೋಗಿ ರಾಣಿಯ ಆಡಳಿತ ಬಂದರೂ ಛಾವಣಿ ಹಾಗೆಯೇ ಉಳಿಯಿತು. ಜಮಾದಾರ, ಸುಬೇದಾರರಿಗೆ ಮುಂದೆ "ವೈಸರಾಯ್ ಕಮಿಷನ್" ಪಡೆದ ಅಧಿಕಾರಿಗಳು ಎಂಬ ಹೆಸರು ಬಂತು. ಬ್ರಿಟಿಷ್ ಅಧಿಕಾರಿಗಳದ್ದು "ಕಿಂಗ್ಸ್ ಕಮಿಷನ್". ಹೆಸರಿನಲ್ಲಿ ಸಣ್ಣ ವ್ಯತ್ಯಾಸ, ಅಧಿಕಾರದಲ್ಲಿ ಭೂಮಿ ಆಕಾಶದ ಅಂತರ. ವೈಸರಾಯ್ ಕಮಿಷನ್ ಪಡೆದವನ ಆಜ್ಞೆ ಭಾರತೀಯ ಸೈನಿಕರ ಮೇಲೆ ಮಾತ್ರ ನಡೆಯುತ್ತಿತ್ತು. ಬ್ರಿಟಿಷ್ ಅಧಿಕಾರಿಗಳಲ್ಲಿ ಅತ್ಯಂತ ಕಿರಿಯನೂ ಅವನಿಗಿಂತ ಮೇಲಿನವನೇ.

ಮೊದಲ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ ಭಾರತೀಯರು ಸಾಗರ ದಾಟಿ ಹೋದರು. 1914ರ ಅಕ್ಟೋಬರ್ 31ರಂದು ಬೆಲ್ಜಿಯಂನ ಹೊಲೆಬೆಕ್ ಎಂಬಲ್ಲಿ 129ನೇ ಬಲೂಚಿ ಪಲ್ಟಣದ ಸಿಪಾಯಿ ಖುದಾದಾದ್ ಖಾನ್ ಮಷಿನ್‌ಗನ್ ತಂಡದಲ್ಲಿದ್ದರು. ಜೊತೆಯವರೆಲ್ಲ ಸತ್ತರೂ ಗಾಯಗೊಂಡ ಸ್ಥಿತಿಯಲ್ಲೇ ಬಂದೂಕು ನಡೆಸಿದರು. ಶತ್ರುಗಳು ಅವರನ್ನೂ ಸತ್ತನೆಂದು ಬಗೆದು ಬಿಟ್ಟುಹೋದ ಮೇಲೆ ತೆವಳಿಕೊಂಡು ತಮ್ಮ ಪಲ್ಟಣ ಸೇರಿದರು. ವಿಕ್ಟೋರಿಯಾ ಕ್ರಾಸ್ ಪದಕಕ್ಕೆ ಭಾರತೀಯ ಸೈನಿಕರು ಅರ್ಹರು ಎಂದು ತೀರ್ಮಾನವಾದದ್ದೇ 1911ರಲ್ಲಿ. ಆ ಪದಕವನ್ನು ಪಡೆದ ಮೊದಲ ಭಾರತೀಯ ಸೈನಿಕ ಖುದಾದಾದ್ ಖಾನ್.

ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಬ್ರಿಟಿಷ್ ಸಾಮ್ರಾಜ್ಯದ ಅತ್ಯುನ್ನತ ಶೌರ್ಯ ಪದಕ ಎದೆಯ ಮೇಲಿದ್ದ ಆ ಯೋಧ ನಿವೃತ್ತರಾದದ್ದು ಯಾವ ಹುದ್ದೆಯಲ್ಲಿ ಗೊತ್ತೇ? ಸುಬೇದಾರನಾಗಿ. ಪ್ರಾಣ ಪಣಕ್ಕಿಟ್ಟವನಿಗೆ ಪದಕ ಕೊಡಲು ಸಾಮ್ರಾಜ್ಯ ಸಿದ್ಧವಿತ್ತು, ಪದವಿ ಕೊಡಲು ಸಿದ್ಧವಿರಲಿಲ್ಲ.

ಮೊದಲು ತೆರೆದದ್ದು ಯಾರಿಗೆ?

ಯುದ್ಧ ನಡೆಯುತ್ತಿದ್ದಾಗಲೇ, 1917ರಲ್ಲಿ, ಬ್ರಿಟಿಷ್ ಸರಕಾರ ತನ್ನ ನೀತಿಯನ್ನು ಸ್ವಲ್ಪ ಸಡಿಲಿಸಿತು. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಮಿಲಿಟರಿ ಕಾಲೇಜಿನಲ್ಲಿ ವರ್ಷಕ್ಕೆ ಹತ್ತು ಸ್ಥಾನಗಳನ್ನು ಭಾರತೀಯರಿಗೆ ಮೀಸಲಿಡಲಾಯಿತು. ಇಂದೋರಿನ ಡಾಲಿ ಕಾಲೇಜಿನಲ್ಲಿ ಒಂದು ತಾತ್ಕಾಲಿಕ ತರಬೇತಿ ತರಗತಿಯೂ ನಡೆಯಿತು. ನಮ್ಮ ಕೊಡಗಿನ ಕೆ. ಎಂ. ಕಾರ್ಯಪ್ಪನವರು 1919ರಲ್ಲಿ ಕಮಿಷನ್ ಪಡೆದದ್ದು ಈ ಇಂದೋರ್ ತಂಡದಿಂದಲೇ. ಅವರೇ ಮುಂದೆ 1949ರ ಜನವರಿ 15ರಂದು ಸ್ವತಂತ್ರ ಭಾರತದ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದರು.

ಆದರೆ ಈ ಹತ್ತು ಸ್ಥಾನಗಳಿಗೆ ಹೋದವರು ಯಾರು? ಹಡಗಿನ ಪ್ರಯಾಣ, ವಿದೇಶದ ವಾಸ, ಕಾಲೇಜಿನ ಶುಲ್ಕ ಇವನ್ನೆಲ್ಲ ಭರಿಸಬಲ್ಲ ಮನೆತನದ ಹುಡುಗರು. 1922ರಲ್ಲಿ ಡೆಹ್ರಾಡೂನಿನಲ್ಲಿ ಆರಂಭವಾದ ಪ್ರಿನ್ಸ್ ಆಫ್ ವೇಲ್ಸ್ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜು ಕೂಡ ಇಂಥ ಹುಡುಗರನ್ನು ಸ್ಯಾಂಡ್‌ಹರ್ಸ್ಟ್‌ಗೆ ಸಿದ್ಧಗೊಳಿಸಲು ಹುಟ್ಟಿದ ಶಾಲೆಯೇ. ಸಿಪಾಯಿಯ ಮಕ್ಕಳಿಗೆಂದು ಝೇಲಂ ಮತ್ತು ಜಲಂಧರ್‌ಗಳಲ್ಲಿ ಕಿಂಗ್ ಜಾರ್ಜ್ ಹೆಸರಿನ ಸೈನಿಕ ಶಾಲೆಗಳು ಬಂದವು. 1930ರಲ್ಲಿ ಅಜ್ಮೀರದಲ್ಲಿ, 1945ರಲ್ಲಿ ಬೆಳಗಾವಿಯಲ್ಲಿ, 1946ರಲ್ಲಿ ಬೆಂಗಳೂರಿನಲ್ಲಿ ಇದೇ ಮಾದರಿಯ ಶಾಲೆಗಳು ತೆರೆದವು. ಬೆಳಗಾವಿ, ಬೆಂಗಳೂರಿನವರಿಗೆ ಇಂದು ಇವು ರಾಷ್ಟ್ರೀಯ ಮಿಲಿಟರಿ ಶಾಲೆಗಳೆಂದು ಪರಿಚಿತ. ಶಾಲೆಗಳಿಂದ ಸಿಪಾಯಿಯ ಮಗನಿಗೆ ಅಕ್ಷರ ಸಿಕ್ಕಿತು, ನಿಜ. ಆದರೆ ಈಗಾಗಲೇ ಸಮವಸ್ತ್ರ ತೊಟ್ಟಿರುವ ಸಿಪಾಯಿಗೆ?

ದೇಶದ ರಾಜಕೀಯ ನಾಯಕರು ಕೇಂದ್ರ ಶಾಸನಸಭೆಯಲ್ಲಿ "ಭಾರತದಲ್ಲೇ ಒಂದು ಸ್ಯಾಂಡ್‌ಹರ್ಸ್ಟ್" ಬೇಕೆಂದು ಪಟ್ಟು ಹಿಡಿದರು. 1925ರಲ್ಲಿ ಲೆಫ್ಟಿನೆಂಟ್ ಜನರಲ್ ಆಂಡ್ರೂ ಸ್ಕೀನ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಮೋತಿಲಾಲ್ ನೆಹರೂ ಮತ್ತು ಮುಹಮ್ಮದ್ ಅಲಿ ಜಿನ್ನಾ ಅದರ ಸದಸ್ಯರಾಗಿದ್ದರು. ನೆಹರೂ ಅವರು ನಡುವೆಯೇ ಸಮಿತಿಯಿಂದ ಹೊರಬಂದರು. 1933ರ ಹೊತ್ತಿಗೆ ಭಾರತದಲ್ಲೇ ಮಿಲಿಟರಿ ಕಾಲೇಜು ಸ್ಥಾಪಿಸಬೇಕೆಂದು ಸಮಿತಿ ಶಿಫಾರಸು ಮಾಡಿತು.

ಈ ನಡುವೆ ಹೆಚ್ಚು ಸದ್ದಿಲ್ಲದೆ ಇನ್ನೊಂದು ಕೆಲಸ ನಡೆಯಿತು. 1929ರ ಮೇ ತಿಂಗಳಲ್ಲಿ, ಅಂದಿನ ಮಹಾದಂಡನಾಯಕ ಫೀಲ್ಡ್ ಮಾರ್ಷಲ್ ಬರ್ಡ್‌ವುಡ್ ಇಂದಿನ ಮಧ್ಯಪ್ರದೇಶದಲ್ಲಿರುವ ನೌಗಾಂವ್ ಎಂಬ ಸಣ್ಣ ದಂಡುಪ್ರದೇಶದಲ್ಲಿ ಕಿಚನರ್ ಕಾಲೇಜನ್ನು ಆರಂಭಿಸಿದರು. ಪಲ್ಟಣಗಳಲ್ಲಿ ಸೇವೆಯಲ್ಲಿದ್ದ ಯೋಗ್ಯ ಸೈನಿಕರನ್ನು ಆರಿಸಿ ತಂದು, ಅಧಿಕಾರಿ ತರಬೇತಿಗೆ ಬೇಕಾದ ವಿದ್ಯೆ ಕಲಿಸುವುದು ಅದರ ಕೆಲಸ. ಸಿಪಾಯಿಯ ಮುಂದೆ ಮುಚ್ಚಿದ್ದ ಬಾಗಿಲಿಗೆ ಮೊದಲ ಕೀಲಿಕೈ ತಯಾರಾದದ್ದು ಅಲ್ಲಿ ಎನ್ನಬಹುದು.

ಡೆಹ್ರಾಡೂನಿನ ನಲವತ್ತು ಮಂದಿ

1932ರ ಅಕ್ಟೋಬರ್ 1ರಂದು ಡೆಹ್ರಾಡೂನಿನಲ್ಲಿ ಇಂಡಿಯನ್ ಮಿಲಿಟರಿ ಅಕಾಡೆಮಿ ಕಾರ್ಯಾರಂಭ ಮಾಡಿತು. ರೈಲ್ವೆ ಸಿಬ್ಬಂದಿ ಕಾಲೇಜಿಗಾಗಿ ಕಟ್ಟಿದ್ದ ಕಟ್ಟಡವೇ ಅಕಾಡೆಮಿಯಾಯಿತು. ಡಿಸೆಂಬರ್ 10ರಂದು ಮಹಾದಂಡನಾಯಕ ಫಿಲಿಪ್ ಚೆಟ್‌ವುಡ್ ವಿಧ್ಯುಕ್ತವಾಗಿ ಉದ್ಘಾಟಿಸಿದರು. ದೇಶದ ಸುರಕ್ಷತೆ, ಗೌರವ, ಕ್ಷೇಮ ಎಲ್ಲಕ್ಕಿಂತ ಮೊದಲು, ನಿಮ್ಮ ಸೈನಿಕರ ಕ್ಷೇಮ ಅದರ ನಂತರ, ನಿಮ್ಮ ಸ್ವಂತ ಸುಖ ಎಲ್ಲಕ್ಕಿಂತ ಕೊನೆಗೆ ಎಂದು ಅವರು ಅಂದು ಹೇಳಿದ ಮಾತಿನ ಸಾರವನ್ನು ಅಕಾಡೆಮಿ ಇಂದಿಗೂ ತನ್ನ ಧ್ಯೇಯವಾಗಿ ಇಟ್ಟುಕೊಂಡಿದೆ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಮೊದಲ ತಂಡದ ಲೆಕ್ಕ. ಒಟ್ಟು 40 ಮಂದಿ. 15 ಮಂದಿ ಸ್ಪರ್ಧಾತ್ಮಕ ಪರೀಕ್ಷೆಯಿಂದ ಬಂದವರು. 10 ಮಂದಿ ದೇಶೀಯ ಸಂಸ್ಥಾನಗಳ ಸೈನ್ಯದವರು. ಉಳಿದ 15 ಮಂದಿ ಭಾರತೀಯ ಸೈನ್ಯದ ಕೆಳಹಂತದಲ್ಲಿ ಸೇವೆ ಮಾಡುತ್ತಿದ್ದವರು. ಇವರನ್ನು "ವೈ ಕೆಡೆಟ್" ಎಂದು ಕರೆಯುತ್ತಿದ್ದರು. ನೂರಕ್ಕೂ ಹೆಚ್ಚು ವರ್ಷ ಮುಚ್ಚಿದ್ದ ಬಾಗಿಲು ಹದಿನೈದು ಜನಕ್ಕಾದರೂ ತೆರೆಯಿತು.

ಆ ಮೊದಲ ತಂಡದ ಮೂವರ ಕಥೆ ಕೇಳಿ. ಒಬ್ಬರು ಸ್ಯಾಮ್ ಮಾಣಿಕ್‌ಶಾ, ಪರೀಕ್ಷೆ ಬರೆದು ಬಂದ ಪಾರ್ಸಿ ವೈದ್ಯರ ಮಗ. ಮುಂದೆ ಭಾರತದ ಭೂಸೇನಾ ಮುಖ್ಯಸ್ಥರಾಗಿ 1971ರ ಯುದ್ಧ ನಡೆಸಿದವರು. ಇನ್ನೊಬ್ಬರು ಸ್ಮಿತ್ ಡನ್, ಬರ್ಮಾದ ಕರೆನ್ ಜನಾಂಗದವರು, ಬರ್ಮಾ ರೈಫಲ್ಸ್‌ನಲ್ಲಿ ಸಾಮಾನ್ಯ ಸೈನಿಕನಾಗಿ ಸೇರಿದ್ದವರು. 1948ರಲ್ಲಿ ಬರ್ಮಾ ಸ್ವತಂತ್ರವಾದಾಗ ಆ ದೇಶದ ಸೈನ್ಯದ ಮುಖ್ಯಸ್ಥರು ಅವರೇ. ಮೂರನೆಯವರು ಮುಹಮ್ಮದ್ ಮೂಸಾ, ಕ್ವೆಟ್ಟಾದ ಹಜಾರಾ ಜನಾಂಗದವರು. 1926ರಲ್ಲಿ ಹಜಾರಾ ಪಯೋನಿಯರ್ಸ್ ಪಲ್ಟಣಕ್ಕೆ ಕೆಳದರ್ಜೆಯಲ್ಲಿ ಸೇರಿ, ಸಿಪಾಯಿಗಳ ನಡುವಿನಿಂದ ಆರಿಸಲ್ಪಟ್ಟು ಅಕಾಡೆಮಿಗೆ ಬಂದವರು. ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋಗಿ 1958ರಿಂದ 1966ರವರೆಗೆ ಆ ದೇಶದ ಭೂಸೇನೆಯ ಮುಖ್ಯಸ್ಥರಾಗಿದ್ದರು.

ಒಂದೇ ತಂಡದ ಮೂವರು ಮೂರು ದೇಶಗಳ ಸೈನ್ಯಕ್ಕೆ ಮುಖ್ಯಸ್ಥರಾದರು, ಅವರಲ್ಲಿ ಇಬ್ಬರು ಬಂದದ್ದು ಸಿಪಾಯಿಗಳ ಸಾಲಿನಿಂದ! 1965ರ ಯುದ್ಧದಲ್ಲಿ ಮೂಸಾ ಎದುರು ಪಾಳೆಯದ ಸೈನ್ಯವನ್ನು ನಡೆಸಿದರು. ಹಳೆಯ ಸಹಪಾಠಿಗಳು ಎರಡು ಬದಿಯಲ್ಲಿ ನಿಲ್ಲಬೇಕಾದದ್ದು ವಿಭಜನೆಯ ದುರಂತ. ಆ ಮಾತು ಬೇರೆ. ಸಿಪಾಯಿಗೆ ಸೈನ್ಯ ನಡೆಸುವ ಬುದ್ಧಿ ಇರುವುದಿಲ್ಲ ಎಂದು ಒಂದು ಶತಮಾನಕ್ಕೂ ಹೆಚ್ಚು ಕಾಲ ಹೇಳಿಕೊಂಡು ಬಂದ ವಾದ ಮೊದಲ ಪರೀಕ್ಷೆಯಲ್ಲೇ ಸೋತಿತು ಎಂಬುದನ್ನು ನಾವು ಗಮನಿಸಬೇಕು.

ಆದರೂ ಅಕಾಡೆಮಿಯ ದಾರಿ ಸುಗಮವಾಗಿರಲಿಲ್ಲ. ಡೆಹ್ರಾಡೂನಿನಿಂದ ಹೊರಬಂದವರ ಸಂಬಳ ಬ್ರಿಟಿಷ್ ಅಧಿಕಾರಿಗಳಿಗಿಂತ ಕಡಿಮೆ. ಅದುವರೆಗೆ ಸುಬೇದಾರರು ನೋಡಿಕೊಳ್ಳುತ್ತಿದ್ದ ಪ್ಲಟೂನುಗಳನ್ನೇ ಇವರಿಗೆ ವಹಿಸಲಾಯಿತು. ಎರಡನೇ ಮಹಾಯುದ್ಧದಲ್ಲಿ ಅಧಿಕಾರಿಗಳ ಕೊರತೆ ಎದುರಾದಾಗ ಮಾತ್ರ ಸರಕಾರ ಕೈಬಿಚ್ಚಿತು. ಬೆಂಗಳೂರು, ಬೆಳಗಾವಿ, ಮಹೂಗಳಲ್ಲಿ ಅಧಿಕಾರಿಗಳ ತರಬೇತಿ ಶಾಲೆಗಳು ನಡೆದವು, ಸಾವಿರಾರು ಭಾರತೀಯರು ಕಮಿಷನ್ ಪಡೆದರು. ಮನೆತನ ನೋಡಿ ಆರಿಸುವ ಪದ್ಧತಿ ಬಿಟ್ಟು, ಮನಶ್ಶಾಸ್ತ್ರದ ಪರೀಕ್ಷೆಗಳ ಮೂಲಕ ವ್ಯಕ್ತಿಯ ಗುಣ ನೋಡಿ ಆರಿಸುವ ಆಯ್ಕೆ ಮಂಡಳಿ ಪದ್ಧತಿ ಬಂದದ್ದೂ ಈ ಯುದ್ಧಕಾಲದಲ್ಲಿ, 1943ರಲ್ಲಿ. ಬಡವರ ಮಕ್ಕಳಿಗೆ ಇದರಿಂದಾದ ಉಪಕಾರ ಸಣ್ಣದಲ್ಲ.

1960: ಕೊಡಗಿನ ಜನರಲ್ ತೆರೆದ ಬಾಗಿಲು

ಸ್ವಾತಂತ್ರ್ಯದ ನಂತರ ವೈಸರಾಯ್ ಹೋದರು, ಅವರ ಹೆಸರಿನ ಕಮಿಷನ್ ಕೂಡ ಹೋಯಿತು. ಸುಬೇದಾರರು ಜೂನಿಯರ್ ಕಮಿಷನ್ಡ್ ಆಫೀಸರ್ ಆದರು. ಜಮಾದಾರ ಪದವಿ ಮುಂದೆ ನಾಯಬ್ ಸುಬೇದಾರ್ ಆಯಿತು. ನಿವೃತ್ತಿಯ ಹೊತ್ತಿಗೆ ಉತ್ತಮ ಸೇವೆ ಸಲ್ಲಿಸಿದವರಿಗೆ ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಪದವಿ ಕೊಡುವ ಸಂಪ್ರದಾಯವಿದೆ. ಅದು ದೊಡ್ಡ ಮರ್ಯಾದೆಯೇ. ಆದರೆ ಅದು ಸೇವೆಯ ಕೊನೆಯಲ್ಲಿ ಸಿಗುವ ಗೌರವ. ಯೌವನದಲ್ಲೇ ಅಕಾಡೆಮಿ ಸೇರಿ ಪಡೆಯುವ ಕಮಿಷನ್ ಬೇರೆ. ಇವೆರಡನ್ನು ನಮ್ಮ ಜನ ಒಂದೇ ಎಂದು ತಿಳಿಯುವುದುಂಟು, ಆದ್ದರಿಂದ ಹೇಳಬೇಕಾಯಿತು.

ನೌಗಾಂವಿನ ಹಳೆಯ ಕಿಚನರ್ ಕಾಲೇಜಿನ ಪರಂಪರೆಯೇ ಹೊಸ ರೂಪ ತಾಳಿ "ಆರ್ಮಿ ಕೆಡೆಟ್ ಕಾಲೇಜ್" ಆಯಿತು. 1960ರ ಮೇ 16ರಂದು ಅದನ್ನು ಉದ್ಘಾಟಿಸಿದವರು ಅಂದಿನ ಭೂಸೇನಾ ಮುಖ್ಯಸ್ಥ ಜನರಲ್ ಕೆ. ಎಸ್. ತಿಮ್ಮಯ್ಯ. ಕೊಡಗಿನ ತಿಮ್ಮಯ್ಯನವರು ಸ್ವತಃ ಡೆಹ್ರಾಡೂನಿನ ರಾಯಲ್ ಮಿಲಿಟರಿ ಕಾಲೇಜು, ಬಳಿಕ ಸ್ಯಾಂಡ್‌ಹರ್ಸ್ಟ್ ಎಂಬ ಆ ಇಕ್ಕಟ್ಟಾದ ದಾರಿಯಲ್ಲಿ ಹೋಗಿ 1926ರಲ್ಲಿ ಕಮಿಷನ್ ಪಡೆದವರು. ಬೆರಳೆಣಿಕೆಯ ಸ್ಥಾನಗಳಲ್ಲಿ ಒಂದನ್ನು ಪಡೆದ ಕನ್ನಡ ನಾಡಿನ ವ್ಯಕ್ತಿಯೊಬ್ಬರು ಸಾಮಾನ್ಯ ಸಿಪಾಯಿಗೆ ಬಾಗಿಲು ತೆರೆದುಕೊಟ್ಟರು ಎಂಬುದು ನಮಗೆ ಹೆಮ್ಮೆಯ ಸಂಗತಿ. ಮೊದಲ ಪದವಿ ಪ್ರದಾನ ಸಮಾರಂಭ 1961ರ ಫೆಬ್ರವರಿ 10ರಂದು ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಅವರ ಸಮ್ಮುಖದಲ್ಲಿ ನಡೆಯಿತು. ಕಾಲೇಜು ಮುಂದೆ ಪುಣೆಗೆ ಹೋಯಿತು. 1977ರಲ್ಲಿ ಡೆಹ್ರಾಡೂನಿಗೆ ಬಂದು ಇಂಡಿಯನ್ ಮಿಲಿಟರಿ ಅಕಾಡೆಮಿಯ ಒಂದು ವಿಭಾಗವಾಯಿತು. 2006ರಲ್ಲಿ ಅಕಾಡೆಮಿಯ ಒಂದು ತರಬೇತಿ ಬೆಟಾಲಿಯನ್ ಆಗಿ ಸೇರಿಕೊಂಡು "ಸಿಯಾಚಿನ್ ಬೆಟಾಲಿಯನ್" ಎಂಬ ಹೆಸರು ಪಡೆಯಿತು.

ಇಂದು ದಾರಿ ಹೇಗಿದೆ?

ಈಗ ನನ್ನ ಹಳೆಯ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಆರ್ಮಿ ಕೆಡೆಟ್ ಕಾಲೇಜಿಗೆ ಭೂಸೇನೆಯ ಜವಾನರು ಮಾತ್ರವಲ್ಲ, ನೌಕಾಪಡೆ ಮತ್ತು ವಾಯುಪಡೆಯ ಸೈನಿಕರೂ ಅರ್ಜಿ ಹಾಕಬಹುದು. ಮೂರು ಮುಖ್ಯ ಷರತ್ತುಗಳಿವೆ. ಒಂದು, ವಯಸ್ಸು 20ರಿಂದ 27ರ ಒಳಗಿರಬೇಕು. ಎರಡು, ಕನಿಷ್ಠ 2 ವರ್ಷ ಸೇವೆ ಆಗಿರಬೇಕು. ಮೂರು, 12ನೇ ತರಗತಿ, ಅಂದರೆ ನಮ್ಮ ಪಿಯುಸಿ, ಪಾಸಾಗಿರಬೇಕು. ಇವುಗಳ ಜೊತೆಗೆ ನಡತೆ ಚೆನ್ನಾಗಿರಬೇಕು. ಅರ್ಜಿ ಹೋಗುವುದು ಪಲ್ಟಣದ ಕಮಾಂಡಿಂಗ್ ಆಫೀಸರ್ ಮೂಲಕ, ಅವರ ಶಿಫಾರಸಿನೊಂದಿಗೆ.

ಮೊದಲ ಹಂತ ಲಿಖಿತ ಪರೀಕ್ಷೆ. ಇಂಗ್ಲಿಷ್, ಸಾಮಾನ್ಯ ಜ್ಞಾನ ಮತ್ತು ಶಾಲಾ ವಿಷಯಗಳು ಇದರಲ್ಲಿರುತ್ತವೆ. ಎರಡನೇ ಹಂತ ಸೇವಾ ಆಯ್ಕೆ ಮಂಡಳಿ, ಅಂದರೆ ಎಸ್‌ಎಸ್‌ಬಿ. ಇದು ಸುಮಾರು ಐದು ದಿನಗಳ ಪರೀಕ್ಷೆ. ಮೊದಲ ದಿನವೇ ಸೋಸುವಿಕೆ ನಡೆಯುತ್ತದೆ. ಉಳಿದವರಿಗೆ ಚಿತ್ರ ನೋಡಿ ಕಥೆ ಬರೆಯುವುದು, ಒಂದು ಪದ ಕೇಳಿದೊಡನೆ ಹೊಳೆದದ್ದನ್ನು ಬರೆಯುವುದು ಮುಂತಾದ ಮಾನಸಿಕ ಪರೀಕ್ಷೆಗಳು, ಮೈದಾನದಲ್ಲಿ ಹಗ್ಗ, ಹಲಗೆ, ಪೀಪಾಯಿಗಳನ್ನು ಕೊಟ್ಟು ತಂಡವಾಗಿ ಅಡೆತಡೆ ದಾಟಿಸುವ ಕೆಲಸಗಳು, ಗುಂಪು ಚರ್ಚೆ, ವೈಯಕ್ತಿಕ ಸಂದರ್ಶನ. ಇಲ್ಲಿ ನೋಡುವುದು ಬಾಯಿಪಾಠವನ್ನಲ್ಲ. ಜೊತೆಗಾರನ ಮಾತಿಗೆ ಕಿವಿಗೊಡುತ್ತಾನೆಯೇ, ತಪ್ಪಾದಾಗ ಒಪ್ಪಿಕೊಳ್ಳುತ್ತಾನೆಯೇ, ನಾಲ್ಕು ಜನರನ್ನು ಕೂಡಿಸಿಕೊಂಡು ಕೆಲಸ ಮುಗಿಸುತ್ತಾನೆಯೇ ಎಂಬುದನ್ನು. ಮೂರನೇ ಹಂತ ವೈದ್ಯಕೀಯ ತಪಾಸಣೆ.

ಆಯ್ಕೆಯಾದವರು ಮೂರು ವರ್ಷ ಕೆಡೆಟ್ ಕಾಲೇಜಿನಲ್ಲಿ ಓದುತ್ತಾರೆ. ಅದರ ಕೊನೆಗೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಬಿ.ಎ. ಅಥವಾ ಬಿ.ಎಸ್ಸಿ. ಪದವಿ ದೊರೆಯುತ್ತದೆ. ಬಳಿಕ ಒಂದು ವರ್ಷ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ಇತರ ಕೆಡೆಟ್‌ಗಳ ಜೊತೆಗೇ ತರಬೇತಿ. ಚೆಟ್‌ವುಡ್ ಕಟ್ಟಡದ ಮುಂದಿನ ಕೊನೆಯ ಮೆಟ್ಟಿಲು ದಾಟಿದಾಗ ಅವನು ಲೆಫ್ಟಿನೆಂಟ್. ಅಲ್ಲಿಂದ ಮುಂದೆ, ಎನ್‌ಡಿಎಯಿಂದ ಬಂದವನು, ಕಾಲೇಜಿನಿಂದ ನೇರವಾಗಿ ಬಂದವನು, ಸಿಪಾಯಿಯಾಗಿದ್ದು ಬಂದವನು ಎಂಬ ಭೇದವಿಲ್ಲ. ಹೆಗಲ ಮೇಲಿನ ನಕ್ಷತ್ರಗಳು ಒಂದೇ.

27 ದಾಟಿದವರು ನಿರಾಶರಾಗಬೇಕಿಲ್ಲ. ಅನುಭವಿ ಸೈನಿಕರಿಗಾಗಿ ಸ್ಪೆಷಲ್ ಕಮಿಷನ್ಡ್ ಆಫೀಸರ್ ಎಂಬ ಬೇರೆ ದಾರಿ ಇದೆ. ಅದು ಸ್ಥೂಲವಾಗಿ 28ರಿಂದ 35 ವಯಸ್ಸಿನವರಿಗೆ. ಪದವಿ ಮುಗಿಸಿದ ಯುವ ಸೈನಿಕರು ವಯೋಮಿತಿಯೊಳಗಿದ್ದರೆ ಯುಪಿಎಸ್‌ಸಿ ನಡೆಸುವ ಸಿಡಿಎಸ್ ಪರೀಕ್ಷೆಯನ್ನೂ ಬರೆಯಬಹುದು. 2022ರಲ್ಲಿ ಅಗ್ನಿಪಥ್ ಯೋಜನೆ ಬಂದ ಮೇಲೆ ಭರ್ತಿಯ ಸ್ವರೂಪ ಬದಲಾಗಿದೆ. ಅಗ್ನಿವೀರರ ಸೇವೆ ನಾಲ್ಕು ವರ್ಷ, ಅವರಲ್ಲಿ ಗರಿಷ್ಠ ಶೇ. 25ರಷ್ಟು ಮಂದಿಯನ್ನು ಮಾತ್ರ ಕಾಯಂ ಸೇವೆಗೆ ಉಳಿಸಿಕೊಳ್ಳಲಾಗುತ್ತದೆ. ಆದ್ದರಿಂದ ಇಂದು ಸೈನ್ಯ ಸೇರುವವನಿಗೆ ಓದು ಇನ್ನಷ್ಟು ಅಗತ್ಯ. ಸೇವೆ ಮುಂದುವರಿದರೂ ಅದು ಬೇಕು, ನಾಲ್ಕು ವರ್ಷಕ್ಕೆ ಹೊರಬಂದರೂ ಅದು ಬೇಕು.

ನಮ್ಮ ಪಾಲಿನ ಕೆಲಸ

ಇನ್ನು ನಮ್ಮ ಮಾತು. ನಮ್ಮ ಕಡೆ "ಜವಾನ" ಎಂದರೆ ಕಚೇರಿಯಲ್ಲಿ ಕಡತ ಹೊರುವವನೂ ಹೌದು, ಗಡಿ ಕಾಯುವವನೂ ಹೌದು. ಪದ ಒಂದೇ ಆದ್ದರಿಂದಲೋ ಏನೋ, ಮಗ ಜವಾನನಾದ ಎಂದೊಡನೆ ಮನೆಯವರು ಅವನ ಓದಿಗೆ ಪೂರ್ಣವಿರಾಮ ಹಾಕಿಬಿಡುತ್ತಾರೆ. ಸಾಮಾನ್ಯ ಕರ್ತವ್ಯದ ಭರ್ತಿಗೆ ಎಸ್‌ಎಸ್‌ಎಲ್‌ಸಿ ಸಾಕು, ಅದಕ್ಕೇ ಅನೇಕ ಹುಡುಗರು ಪಿಯುಸಿಗೆ ಸೇರುವುದೇ ಇಲ್ಲ. ಸೈನ್ಯಕ್ಕೆ ಸೇರಲು ಅಡ್ಡಿಯಾಗದ ಈ ಎರಡು ವರ್ಷಗಳ ಕೊರತೆ ಮುಂದೆ ಅಕಾಡೆಮಿಯ ಬಾಗಿಲಲ್ಲಿ ಗೋಡೆಯಾಗಿ ನಿಲ್ಲುತ್ತದೆ. ಹಿಂದೆ ಕಂಪನಿ ಸರಕಾರ ಹಾಕಿದ್ದ ಛಾವಣಿಯನ್ನು ಇಂದು ನಮ್ಮ ಮನೆಯಲ್ಲಿ ನಾವೇ ಹಾಕಿಕೊಂಡಂತಲ್ಲವೇ?

ಆದ್ದರಿಂದ ವಿದ್ಯಾರ್ಥಿಗಳೇ, ಸಾಧ್ಯವಿದ್ದವರು ಪಿಯುಸಿ ಮುಗಿಸಿಯೇ ಭರ್ತಿಗೆ ಹೋಗಿ. ಈಗಾಗಲೇ ಸೇರಿರುವ ಅಣ್ಣ ತಮ್ಮಂದಿರಿದ್ದರೆ ಅವರಿಗೆ ಒಂದು ಪತ್ರ ಬರೆಯಿರಿ, ಇಲ್ಲವೇ ಫೋನ್ ಮಾಡಿ: ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಸೇವೆಯಲ್ಲಿದ್ದುಕೊಂಡೇ 12ನೇ ತರಗತಿ ಮುಗಿಸಬಹುದು. ದಿನಕ್ಕೊಂದು ಇಂಗ್ಲಿಷ್ ಪತ್ರಿಕೆ ಓದುವ ಅಭ್ಯಾಸ ಮಾಡಿಕೊಳ್ಳಲಿ. ನೂರಾರು ಜನರಿರುವ ಬ್ಯಾರಕ್ಕಿನಲ್ಲಿ ರಾತ್ರಿ ದೀಪದ ಕೆಳಗೆ ಪುಸ್ತಕ ಹಿಡಿದು ಕೂರುವುದು ಸುಲಭವಲ್ಲ, ಗೆಳೆಯರು ತಮಾಷೆ ಮಾಡುತ್ತಾರೆ. ಮನೆಯಿಂದ ಒಂದು ಪ್ರೋತ್ಸಾಹದ ಮಾತು ಬಂದರೆ ಅದು ಅರ್ಧ ಬಲ.

ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ನಾವು ಡಾಕ್ಟರ್, ಇಂಜಿನಿಯರ್ ಆಗುವವರಿಗೆ ವಿದ್ಯಾರ್ಥಿವೇತನ ಕೊಡುತ್ತೇವೆ, ಸನ್ಮಾನ ಮಾಡುತ್ತೇವೆ. ಬಡತನದಿಂದ ಓದು ಬಿಟ್ಟು ಸೈನ್ಯ ಸೇರಿದ ಹುಡುಗ ನಮ್ಮ ಯಾವ ಪಟ್ಟಿಯಲ್ಲೂ ಇಲ್ಲ. ರಜೆಗೆ ಬಂದಾಗ ಅವನನ್ನು ಕರೆದು ಕೂರಿಸಿ, ಮುಕ್ತ ಶಾಲೆಯ ಅರ್ಜಿ ತುಂಬಿಸಿ, ಗಣಿತ ಇಂಗ್ಲಿಷ್ ಹೇಳಿಕೊಡಲು ಒಬ್ಬ ಶಿಕ್ಷಕರನ್ನು ಗೊತ್ತುಮಾಡಿದರೆ ಅದಕ್ಕೆ ತಗಲುವ ಖರ್ಚು ಬಹಳವಿಲ್ಲ.

ಒಂದು ಮಾತನ್ನು ತಪ್ಪು ತಿಳಿಯಬೇಡಿ. ಅಧಿಕಾರಿಯಾಗದಿದ್ದರೆ ಸಿಪಾಯಿಯ ಬದುಕು ಕಡಿಮೆಯದು ಎಂದು ನಾನು ಹೇಳುತ್ತಿಲ್ಲ. 1948ರ ಜುಲೈ 3ರಂದು ಝಂಗಡ್‌ನಲ್ಲಿ ವೀರಮರಣ ಪಡೆದು ಮಹಾವೀರ ಚಕ್ರಕ್ಕೆ ಪಾತ್ರರಾದ ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಾದವರು. 1965ರ ಸೆಪ್ಟೆಂಬರ್ 10ರಂದು ಅಸಲ್ ಉತ್ತಾಡ್‌ನಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ಒಡೆದು ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದ ಹವಾಲ್ದಾರ್ ಅಬ್ದುಲ್ ಹಮೀದ್ ಒಬ್ಬ ದರ್ಜಿಯ ಮಗ, ಸಿಪಾಯಿಯಾಗಿ ಸೇರಿದವರು. ದೇಶ ಇಬ್ಬರನ್ನೂ ಒಂದೇ ಗೌರವದಿಂದ ನೆನೆಯುತ್ತದೆ. ಎಲ್ಲ ಸಿಪಾಯಿಗಳೂ ಅಧಿಕಾರಿಗಳಾಗಬೇಕಿಲ್ಲ. ಆಗಬಲ್ಲವನು, ದಾರಿ ತಿಳಿಯದ ಒಂದೇ ಕಾರಣಕ್ಕೆ ಹಿಂದೆ ಉಳಿಯಬಾರದು, ಅಷ್ಟೇ.

ನನ್ನ ಹಳೆಯ ವಿದ್ಯಾರ್ಥಿಗೆ 27 ತುಂಬಲು ಇನ್ನು ಮೂರು ವರ್ಷವಿಲ್ಲ. ರಜೆ ಮುಗಿಸಿ ಹೊರಡುವ ಮೊದಲು ಅವನು ಮುಕ್ತ ಶಾಲೆಗೆ ಹೆಸರು ನೋಂದಾಯಿಸಿದ. ಬಸ್ ನಿಲ್ದಾಣಕ್ಕೆ ಬಿಡಲು ಬಂದ ಅವನ ತಂದೆ ನನ್ನನ್ನು ಪಕ್ಕಕ್ಕೆ ಕರೆದು, "ಸರ್, ಪರೀಕ್ಷೆ ಯಾವಾಗ ಅಂತ ನನಗೂ ಹೇಳಿ, ನೆನಪು ಮಾಡ್ತೀನಿ" ಎಂದರು. ಬಾಗಿಲು 1932ರಲ್ಲಿ ತೆರೆದಿದೆ, 1960ರಲ್ಲಿ ಇನ್ನಷ್ಟು ಅಗಲವಾಗಿದೆ. ಅದರ ತನಕ ನಡೆದುಹೋಗುವ ಕೆಲಸ ಅವನದು. ದಾರಿ ತೋರಿಸುವ ಕೆಲಸ ನಮ್ಮದು.